ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟ ಕಂಬಳಿ

೨೦೨೨ರಲ್ಲಿ ನಾನು ತೆಲಂಗಾಣದ ಗದ್ವಾಲದ ಒಂದು ಸೀರೆ ಅಂಗಡಿಯಲ್ಲಿ ಮ್ಯಾನೇಜರ್ ಆಗಿದ್ದೆ. ನೇಕಾರರ ಮನೆಯಲ್ಲಿ ಹುಟ್ಟಿ ಇಪ್ಪತ್ತಾರು ವರ್ಷ ಸೀರೆ ಮಾರಿದವನು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವರ ಮನಸ್ಸು ತಿಳಿಯುತ್ತದೆ ಎಂಬ ಜಂಬ ಬೇರೆ.

ಒಂದು ಮಧ್ಯಾಹ್ನ ಮಕ್ತಲ್ ಕಡೆಯ ಕುರಿಗಾರ ಮಾಳಪ್ಪ, ಮಗಳು ರೇಣುಕಾಳನ್ನು ಕರೆದುಕೊಂಡು ಬಂದರು. ಎಂಟು ದಿನಕ್ಕೆ ಅವಳ ಮದುವೆ. ಸೀರೆಗೆ ಹೆಸರಾದ ನಾರಾಯಣಪೇಟೆಯೇ ಅವರಿಗೆ ಹತ್ತಿರವಿದ್ದರೂ, ಮಗಳಿಗೆ ಗದ್ವಾಲ ಸೀರೆಯೇ ಬೇಕೆಂದು ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಹತ್ತಿಯ ಒಡಲು, ರೇಷ್ಮೆಯ ಅಂಚು ಮತ್ತು ಸೆರಗು ಈ ಸೀರೆಯ ಗುರುತು. ಮೂರನೆಯದನ್ನು ಬಿಚ್ಚಿದ್ದೇ ತಡ, ರೇಣುಕಾ ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು.

"ಅಪ್ಪಾ, ಇದ ಇರ್ಲಿ."

ನೋಡಲೆಂದು ಮಾಳಪ್ಪ ಬಿಳಿ ಗಾದಿಯ ಮೇಲೆ ಬಂದು ಕೂತರು. ಹೆಗಲ ಮೇಲೆ ಕರಿ ಕಂಬಳಿ. ಅದರ ಎಳೆ ಜರಿಗೆ ಸಿಕ್ಕಿದರೆ ಗತಿಯೇನೆಂದು ನನಗೆ ಭಯ. ಹಿಂದಿನ ವಾರವಷ್ಟೇ ಇಂಥದ್ದಕ್ಕೆ ಮಾಲೀಕರಿಂದ ಬೈಸಿಕೊಂಡಿದ್ದೆ. ಒಂದು ಮಾತೂ ಕೇಳದೆ ಅವರ ಹೆಗಲಿಂದ ಕಂಬಳಿ ಎತ್ತಿಕೊಂಡು ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಹಾಕಿದೆ.

ಮಾಳಪ್ಪ ಎದ್ದು ಹೋಗಿ, ಕಂಬಳಿ ಕೊಡವಿ ಕಣ್ಣಿಗೊತ್ತಿಕೊಂಡರು. "ಇದರ ಮ್ಯಾಲ ನಮ್ಮ ದೇವ್ರು ಬೀರಪ್ಪನ್ನ ಕುಂದ್ರಸ್ತೀವ್ರಿ. ಮದುವ್ಯಾಗ ನನ್ನ ಮಗಳು ಕುಂದ್ರೋದೂ ಇದರ ಮ್ಯಾಲ. ನಡಿಯವ್ವಾ."

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು, "ಅಂಗಡಿ ರೂಲ್ಸ್ ರೀ, ಎಲ್ಲಾರಿಗೂ ಒಂದ." ರೇಣುಕಾ ಸೀರೆಯನ್ನು ತಾನೇ ಮಡಚಿ ಗಾದಿಯ ಮೇಲಿಟ್ಟು ಅಪ್ಪನ ಹಿಂದೆ ಹೋದಳು.

ಹೋದರೆ ಹೋಗಲಿ, ಗಿರಾಕಿಗೇನು ಬರ ಎಂದು ಹುಡುಗರ ಮುಂದೆ ನಕ್ಕೆ. ಊಟ ಮಾತ್ರ ಸೇರಲಿಲ್ಲ. ನಮ್ಮ ಮನೆಯಲ್ಲಿ ಮಗ್ಗದ ಬಟ್ಟೆಗೆ ಕಾಲು ತಾಗಿದರೆ ಅಪ್ಪ ಹೊಡೆಯುತ್ತಿದ್ದರು. ಕಂಬಳಿಯನ್ನೂ ಯಾರೋ ಕೂತು ನೇಯ್ದಿರುತ್ತಾರೆ ಎಂಬುದು ನೇಕಾರನ ಮಗನಿಗೆ ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು.

ಮೂರನೆಯ ದಿನ ಅದೇ ಸೀರೆ ಹಿಡಿದು, ಮಕ್ತಲ್‌ನಲ್ಲಿ ವಿಚಾರಿಸಿಕೊಂಡು ಅವರ ಊರಿಗೆ ಹೋದೆ. ಮಾಳಪ್ಪ ಚಹಾ ಕೊಡಿಸಿದರು. ಕೈ ಮುಗಿದು ಕ್ಷಮೆ ಕೇಳಿದೆ.

"ಬಿಡ್ರಿ, ಆಗಿದ್ದು ಆಗಿ ಹೋತು. ಸೀರಿ ಮಾತು ಆಕಿನ್ನ ಕೇಳ್ರಿ, ಉಡಾಕಿ ಆಕಿ."

ರೇಣುಕಾ ಬಂದು ಅಂಚಿನ ಮೇಲೆ ಬೆರಳಾಡಿಸಿದಳು. ಒಪ್ಪುತ್ತಾಳೆಂದೇ ನಾನು ಅಂದುಕೊಂಡೆ.

"ಮನಸ್ನ್ಯಾಗ ಇನ್ನೂ ಇದ ಐತ್ರಿ. ಆದ್ರ ಇದನ್ನ ಉಟ್ರ, ನಮ್ಮಪ್ಪ ಚಪ್ಪಲಿ ನಡುವಿಂದ ಕಂಬಳಿ ತಗೊಂಡಿದ್ದ ಕಣ್ಣಿಗಿ ಬರ್ತೈತಿ. ನಾರಾಯಣಪೇಟಿದು ತಂದೀವಿ. ಇದು ಬ್ಯಾಡ್ರಿ."

ಗಿರಾಕಿ ಏನು ಕೊಳ್ಳಲು ಬಂದಿದ್ದಾರೆ ಎಂಬುದಕ್ಕಿಂತ ಮೊದಲು, ಏನನ್ನು ಹೊತ್ತು ಬಂದಿದ್ದಾರೆ ಎಂದು ನೋಡಬೇಕು. ಇದನ್ನು ಕಲಿಯಲು ನನಗೆ ಇಪ್ಪತ್ತಾರು ವರ್ಷ ಹಿಡಿಯಿತು. ಆ ಸೀರೆಗೆ ವಾರದೊಳಗೇ ಬೇರೆ ಗಿರಾಕಿ ಸಿಕ್ಕರು, ಅಂಗಡಿಗೆ ಏನೂ ನಷ್ಟವಾಗಲಿಲ್ಲ. ರೇಣುಕಾ ಮಾತ್ರ ತಾನು ಮೆಚ್ಚಿದ ಸೀರೆ ಉಡದೆ ಮದುವೆಯಾದಳು.