ಅವ್ವ ಆರಿಸಿದ ಪೇರಲ

ಪುಣೆಯ ನಮ್ಮ ಕಟ್ಟಡದಲ್ಲಿ ಮನೆಯಲ್ಲೇ ಬಿಯರ್ ಮಾಡಲು ಶುರುಮಾಡಿದವನು ನಾನು. ಮೇಲಿನ ಮನೆಗೆ ಬಂದ ತುಮಕೂರಿನ ತರುಣ, ಯೆರವಡಾದ ಐಟಿ ಪಾರ್ಕಿಗೆ ಕೆಲಸಕ್ಕೆ ಹೋಗುವವನು, ಮಾಲ್ಟ್ ಕುದಿಸುವುದರಿಂದ ಹಿಡಿದು ಯೀಸ್ಟ್ ಹಾಕುವವರೆಗೆ ಎಲ್ಲವನ್ನೂ ಕಲಿತದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ಬೇರೆ ಯಾರೂ ಹೇಳುವುದಿಲ್ಲ.

ಕಳೆದ ಚಳಿಗಾಲದಲ್ಲಿ ಇಬ್ಬರೂ ಪೇರಲ ಹಣ್ಣಿನ ಬಿಯರಿಗೆ ಕೈಹಾಕಿದೆವು. ಮೊದಲ ವಾರ ಹುದುಗಿ, ನೊರೆಯ ಅಬ್ಬರ ಇಳಿದ ಮೇಲೆ ಹಣ್ಣು ಹಾಕಬೇಕು. ನಾನು ಕಲೆಯಿಲ್ಲದ ಗಟ್ಟಿ ಹಣ್ಣು ತಂದು, ತೂಗಿ, ಹೆಚ್ಚಿ, ಫ್ರೀಜರಿನಲ್ಲಿಟ್ಟು, ಓದಿಕೊಂಡಂತೆಯೇ ಎಲ್ಲ ಮಾಡಿದೆ. ಕೊನೆಗೆ ಮೇಲೆ ಅವನ ಮನೆಯಲ್ಲಿ ಗೆಳೆಯರೊಂದಿಗೆ ಕೂತು ಕುಡಿದರೆ ನನ್ನದು ಬರೀ ಒಗರು. ಅವನ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಕೋಣೆಯೆಲ್ಲ ಘಮ್ಮೆಂದಿತು. ಗುರುವಿಗೇ ತಿರುಮಂತ್ರ! ಗೆಳೆಯರೆಲ್ಲ ಅವನನ್ನು ಮುತ್ತಿಕೊಂಡರು. ನನ್ನ ಹೆಂಡತಿ ಕೂಡ ಎರಡನೇ ಸಲ ಕೇಳಿ ಹಾಕಿಸಿಕೊಂಡಳು.

“ಛಲೋ ಅದ, ಜರಾ ಸಿಹಿ ಜಾಸ್ತಿ ಆಗೇದ,” ಎಂದೆ ನಾನು. ಅದರಲ್ಲಿ ಸಿಹಿ ಇರಲೇ ಇಲ್ಲ.

ಗುಟ್ಟೇನೆಂದು ಅವನನ್ನು ಕೇಳಲು ನನ್ನ ಹೊಟ್ಟೆಕಿಚ್ಚು ಬಿಡಲಿಲ್ಲ. ಅದು ತಾನಾಗಿ ಗೊತ್ತಾದದ್ದು ಒಂದು ಭಾನುವಾರ ಬೆಳಗ್ಗೆ. ತರಕಾರಿ ತಂದು ಒಳಗೆ ಬಂದರೆ ಅವನು ನಮ್ಮ ಅಡುಗೆಮನೆಯ ನೆಲದ ಮೇಲೆ ನನ್ನ ಅವ್ವನೆದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ನಡುವೆ ಒಂದು ಬುಟ್ಟಿ ಪೇರಲ. ಅವ್ವ ಒಂದೊಂದನ್ನೇ ಮೂಸಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಎರಡು ಗುಂಪು ಮಾಡುತ್ತಿದ್ದಳು.

“ಇವು ಇವತ್ತ ಹಾಕೂವು. ಆ ಗುಂಪಿನವನ್ನ ಎರಡ ದಿನ ಅಕ್ಕಿ ಡಬ್ಬ್ಯಾಗ ಇಡಪಾ. ಮನಿ ತುಂಬ ವಾಸನಿ ಬರಬೇಕು, ಆಮ್ಯಾಲ ಹಾಕು.”

“ಹೋದ್ಸಲದ ಬಿಯರ್ ಎಲ್ರಿಗೂ ಇಷ್ಟ ಆಯ್ತು ಆಂಟಿ. ಎಲ್ಲಾ ನಿಮ್ಮಿಂದಾನೇ.”

“ಪ್ಯಾರಲ ಹಣ್ಣಿನ ಮಾತು ಧಾರವಾಡದವರನ್ನ ಬಿಟ್ಟು ಮತ್ಯಾರನ್ನ ಕೇಳತಿ?” ಎಂದು ಅವ್ವ ನಕ್ಕಳು.

ಬಿಯರ್ ಎಂಬ ಶಬ್ದ, ದೇವರ ಗೂಡಿನಿಂದ ಎರಡೇ ಮಾರು ದೂರದಲ್ಲಿ! ಮೂರು ವರ್ಷದಿಂದ ನಾನು ಬಾಲ್ಕನಿಯ ಡ್ರಮ್ಮಿಗೆ ಹಳೆಯ ಚಾದರ ಹೊದಿಸಿ, ಅವ್ವ ಕೇಳಿದಾಗಲೆಲ್ಲ ಗಿಡಗಳ ಗೊಬ್ಬರ ಎನ್ನುತ್ತಾ ಬಂದಿದ್ದೆ. ಇವನು ಸೀದಾ ಬಂದು ಹೇಳಿದ್ದ, ಅವಳು ಸೀದಾ ಕೂಡಿಸಿಕೊಂಡಿದ್ದಳು. ಹೊಗಳಿಕೆ ಹೋದರೆ ಹೋಗಲಿ, ಗೆಳೆಯರು ಹೋದರೆ ಹೋಗಲಿ, ಅವ್ವ ನನ್ನವಳು. ಅವಳು ನನ್ನೆದುರು ಹೀಗೆ ಕೂತು ನಕ್ಕದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋದೆ, ನೆನಪಾಗಲಿಲ್ಲ.

ಅವನು ಬುಟ್ಟಿ ಎತ್ತಿಕೊಂಡು ಹೋದ ಕೂಡಲೇ ನಾನು ಸಣ್ಣ ಮಗುವಿನ ಹಾಗೆ ಜಗಳಕ್ಕೆ ನಿಂತೆ.

“ಮಂದಿಗೆಲ್ಲ ಹಣ್ಣು ಆರಿಸಿ ಕೊಡತಿ. ಮಗನಿಗೆ ಒಂದರ ಕೊಟ್ಟಿಯೇನು?”

“ನಿನಗ ಯಾತಕ್ಕ ಬೇಕು?”

“ಆ ಡ್ರಮ್ಮಿನ್ಯಾಗ ಇರೂದು ಗೊಬ್ಬರ ಅಲ್ಲವ್ವಾ. ಬಿಯರ್.”

“ಗೊತ್ತದ. ನನಗೂ ಮೂಗ ಅದ,” ಎಂದಳು ಅವ್ವ, ನೆಲದ ಮೇಲೆ ಬಿದ್ದಿದ್ದ ಎಲೆಗಳನ್ನು ಆರಿಸುತ್ತಾ.

“ಮತ್ತ ಇಷ್ಟ ದಿನಾ ಯಾಕ ಸುಮ್ಮನಿದ್ದಿ?”

“ನೀ ಯಾಕ ಸುಮ್ಮನಿದ್ದಿ?”

“ನಿನಗ ಬ್ಯಾಸರ ಆಗತದ ಅಂತ ಹೇಳಲಿಲ್ಲ.”

ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

“ಬ್ಯಾಸರ ಅಲ್ಲಪಾ. ಈ ಮುದುಕಿಗೆ ಏನ ತಿಳಿತದ ಅನ್ಕೊಂಡಿ.”

ಅಲ್ಲ ಎನ್ನಲು ಬಾಯಿ ತೆರೆದೆ. ಮೂರು ವರ್ಷ ಅವಳಿಗೆ ಸುಳ್ಳು ಹೇಳಿ ಪಳಗಿದ ಬಾಯಿಗೆ ಆ ಒಂದು ಸುಳ್ಳು ಮಾತ್ರ ಬರಲಿಲ್ಲ.