ಎರಡು ಕಾಲೇಜಿನ ತಾತ

ಸಂಜೆಯಾಗುತ್ತಲೇ ನಮ್ಮ ಪ್ರಿನ್ಸಿಪಾಲ್ ಮೇಡಂ ಪಾದಗಳು ಊದಿಕೊಳ್ಳುತ್ತಿದ್ದವು. ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿದರೆ ಪಟ್ಟಿ ಕಚ್ಚಿದ ಕೆಂಪು ಗೆರೆ ಎರಡೂ ಕಾಲಿನ ಮೇಲೆ. ಶಿಕ್ಷಣ ಇಲಾಖೆಯ ಕಾರಿಡಾರಿನ ಬೆಂಚಿನಲ್ಲಿ ಕೂತು ಕೂತು ಬಂದ ಊತ ಎಂದೇ ನಾವೆಲ್ಲ ನಂಬಿದ್ದೆವು.

ಪೀಣ್ಯದ ಕಾರ್ಖಾನೆಗಳ ಬೆನ್ನಿಗಿದ್ದ ನಮ್ಮದು ಟ್ರಸ್ಟಿನ ಕಾಲೇಜು. ಲಾಭಕ್ಕೆಂದು ಕಟ್ಟಿದ್ದಲ್ಲ, ಲಾಭ ಕಂಡದ್ದೂ ಇಲ್ಲ. ತುಮಕೂರು ರಸ್ತೆಯ ಇಂಥ ಸಣ್ಣ ಕಾಲೇಜುಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಮೇಡಂ ಅದರ ಸಂಚಾಲಕಿ. ಪ್ರತಿ ಕಾಲೇಜಿಗೂ ಸ್ವಂತ ಪ್ರಯೋಗಾಲಯ ಇರಲೇಬೇಕೆಂಬ ನಿಯಮ ಸಡಿಲಿಸಿ, ಹಂಚಿಕೊಂಡು ಬಳಸಲು ಬಿಡಿ ಎನ್ನುವುದು ನಮ್ಮ ಬೇಡಿಕೆ. ಅಧಿಕಾರಿಗಳು ಬದಲಾಗುತ್ತಿದ್ದರು, ಮುಂದಿನ ವಾರ ಬನ್ನಿ ಎನ್ನುವ ಉತ್ತರ ಬದಲಾಗುತ್ತಿರಲಿಲ್ಲ. ಬೇರೆ ಯಾರಾದರೂ ಹೋಗಬಾರದೇ ಎಂದು ಕೇಳಿದರೆ ಮೇಡಂ, "ನಾನು ಎದ್ದೋದ್ರೆ ಕುರ್ಚಿ ಖಾಲಿ ಆಗುತ್ತೆ, ಕೆಲಸ ಖಾಲಿ ಆಗಲ್ಲ ಕಣಮ್ಮ" ಎನ್ನುತ್ತಿದ್ದರು.

ತಮಾಷೆಯೆಂದರೆ, ಬೇಡುತ್ತಿದ್ದುದನ್ನು ನಾವು ಆಗಲೇ ಕದ್ದು ಮಾಡುತ್ತಿದ್ದೆವು. ನಾಗಸಂದ್ರದ ಕಾಲೇಜಿನ ಕಂಪ್ಯೂಟರುಗಳಲ್ಲಿ ನಮ್ಮ ಮಕ್ಕಳು ಕಲಿಯುತ್ತಿದ್ದರು. ನಾನು ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ಪ್ರಯೋಗಾಲಯದಲ್ಲಿ ಒಂದು ಅಸ್ಥಿಪಂಜರವಿತ್ತು. ಕಿರುಬೆರಳು ಮುರಿದು ನೀಲಿ ವೈರಿನಲ್ಲಿ ಕಟ್ಟಿದ್ದು. ಹುಡುಗಿಯರು ಅದನ್ನು ತಾತ ಎಂದು ಕರೆಯುತ್ತಿದ್ದರು. ನಾಗಸಂದ್ರಕ್ಕೆ ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬಂದಾಗಲೆಲ್ಲ ತಾತ ಹಳೇ ಬೆಡ್‌ಶೀಟ್ ಹೊದ್ದು ಲಗೇಜ್ ಆಟೋದಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದ.

ಒಂದು ವರ್ಷ ಸಮಿತಿ ಎರಡೂ ಕಾಲೇಜಿನ ತಪಾಸಣೆಯನ್ನು ಒಂದೇ ದಿನ ಇಟ್ಟುಕೊಂಡಿತು. ಬೆಳಿಗ್ಗೆ ನಾಗಸಂದ್ರ, ಮಧ್ಯಾಹ್ನ ನಾವು. ಅವರು ಊಟಕ್ಕೆ ಕೂತಾಗ ತಾತನನ್ನು ತಂದು ನಿಲ್ಲಿಸಿದೆವು. ವೈರು ಬಿಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸಮಿತಿಯ ಅಧ್ಯಕ್ಷರು ನೇರವಾಗಿ ಕಿರುಬೆರಳನ್ನೇ ನೋಡಿದರು.

"ಇದನ್ನ ಬೆಳಗ್ಗೆ ನಾಗಸಂದ್ರದಲ್ಲಿ ನೋಡಿದ್ನಲ್ಲ ಮೇಡಂ. ಯಾರದಿದು?"

ಇನ್ನೊಬ್ಬರ ಸಾಮಾನನ್ನು ತಮ್ಮದೆಂದು ತೋರಿಸಿದವರ ಮಾನ್ಯತೆ ಹೋಗುತ್ತದೆ. ನಮ್ಮದೆಂದರೆ ಅವರ ವಿಜ್ಞಾನ ವಿಭಾಗ ಮುಚ್ಚುತ್ತದೆ, ಅವರದೆಂದರೆ ನಮ್ಮದು. ತಾತ ಮೊದಲಿನಿಂದಲೂ ನಮ್ಮವನೇ. ಮೇಡಂ ಬಾಗಿಲ ಕಡೆ ನೋಡಿ ಹೇಳಿದರು.

"ಅವರದೇ ಸಾರ್. ನಮ್ಮಲ್ಲಿಲ್ಲ."

ಸಮಿತಿ ಹೊರಟ ಮೇಲೆ ನಾನು ಸಿಟ್ಟಿನಿಂದ ಅತ್ತುಬಿಟ್ಟೆ. ನನ್ನ ಕೆಲಸ ಹೋಯಿತಲ್ಲ. ಮೇಡಂ ನನ್ನ ಪಕ್ಕದಲ್ಲಿ ಕೂತು, "ನಮ್ ಹುಡುಗೀರು ಮೆಟ್ರೋ ಹತ್ತಿ ಅಲ್ಲಿಗೆ ಹೋಗ್ಬೋದು. ಅವರೆಲ್ಲ ಇಲ್ಲಿಗೆ ಬಂದ್ರೆ ಕೂರ್ಸೋಕೆ ಜಾಗ ಎಲ್ಲಿದೆ ಹೇಳು" ಎಂದರು. ವಿಭಾಗ ಮುಚ್ಚಿತು. ಟ್ರಸ್ಟಿನವರು ಮೇಡಂ ಜೊತೆ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟರು. ಹುಡುಗಿಯರ ಜೊತೆ ನನ್ನನ್ನೂ ನಾಗಸಂದ್ರಕ್ಕೆ ಸೇರಿಸಿದ್ದು ಮೇಡಂ ಅವರೇ. ತಾತನೂ ನಮ್ಮ ಜೊತೆ ಬಂದ, ಈ ಸಲ ಬೆಡ್‌ಶೀಟ್ ಇಲ್ಲದೆ.

ಇಷ್ಟಾದ ಮೇಲೆ ಮೇಡಂ ಒಕ್ಕೂಟದ ಸಭೆಯಲ್ಲಿ, ಇನ್ನು ನನ್ನ ಕೈಲಾಗದು, ಬೇರೆಯವರು ನೋಡಿಕೊಳ್ಳಿ ಎಂದರು. ಪ್ರಿನ್ಸಿಪಾಲರೆಲ್ಲ ತಮ್ಮ ತಮ್ಮ ಕಾಫಿ ಲೋಟ ನೋಡಿಕೊಂಡು ಕೂತರು. ಮುಂದಿನ ವಾರ ಮೇಡಂ ಮತ್ತೆ ಅದೇ ಬೆಂಚಿನ ಮೇಲೆ. ಊತ ಬೆಂಚಿನದಲ್ಲ, ಹೃದಯದ್ದು ಎಂದು ಡಾಕ್ಟರು ಹೇಳುವ ಹೊತ್ತಿಗೆ ತಡವಾಗಿತ್ತು.

ಅವರು ತೀರಿಕೊಂಡ ಮೇಲಿನ ಸಭೆಗೆ ನಾಗಸಂದ್ರ ಕಾಲೇಜಿನ ಪರವಾಗಿ ನಾನು ಹೋಗಿದ್ದೆ. ಇನ್ನು ಸಂಚಾಲಕರು ಯಾರು ಎಂಬ ಮಾತು ಬಂದಾಗ ಎಲ್ಲರೂ ಲೋಟ ನೋಡಿಕೊಂಡರು, ಆಮೇಲೆ ನನ್ನನ್ನು. ಬೇಡ ಎನ್ನಲೆಂದೇ ಬಾಯಿ ತೆರೆದವಳು ಆಗಲಿ ಎಂದುಬಿಟ್ಟೆ.

ನಿನ್ನೆಯೂ ಆ ಬೆಂಚಿನಲ್ಲಿ ಕೂತಿದ್ದೆ. ಹೊಸ ಸಾಹೇಬರು ಮುಂದಿನ ವಾರ ಬನ್ನಿ ಎಂದರು. ಮೆಟ್ರೋದಲ್ಲಿ ನಿಂತು ಬರುವಾಗ ಮೇಡಂ ಮೇಲೆ ಕೆಟ್ಟ ಸಿಟ್ಟು ಬಂತು. ನನ್ನ ಕೆಲಸ ಉಳಿಸಿಕೊಟ್ಟು ಹೀಗೆ ಕಟ್ಟಿಹಾಕಿ ಹೋದಿರಲ್ಲ ಎಂದು ಮನಸ್ಸಿನಲ್ಲೇ ಜಗಳವಾಡಿದೆ. ನಾಗಸಂದ್ರದಲ್ಲಿ ಇಳಿಯುವ ಹೊತ್ತಿಗೆ ಪ್ರಿನ್ಸಿಪಾಲರಿಗೆ ಫೋನು ಮಾಡಿ, ಮುಂದಿನ ವಾರ ಮತ್ತೆ ಇಲಾಖೆಗೆ ಹೋಗಲು ರಜೆ ಹೇಳಿಯಾಗಿತ್ತು.