ಬೆಂಡಾದ ರಿಮ್ಮು, ಇಳಿಯದ ಗೇರು

ಆವತ್ತು ಭಾನುವಾರ ಬೆಳಗ್ಗೆ ನನ್ನ ಬಾಯಿಂದ ಬಂದ ಮೊದಲ ಮಾತು "ಅಯ್ಯೋ".

ಮೊದಲ ಮಾತು ಅಂದರೆ ಆ ದಿನದ ಲೆಕ್ಕದಲ್ಲಿ ಅಲ್ಲ. ಶುಕ್ರವಾರ ಸಂಜೆ ನಾನು ಕೆಲಸ ಮಾಡುವ ಕಾಲೇಜಿನ ಗೇಟಿನಲ್ಲಿ ವಾಚ್‌ಮನ್‌ಗೆ "ಬರ್ತೀನಪ್ಪ" ಅಂದ ಮೇಲೆ ಆಡಿದ ಮೊದಲ ಮಾತು. ಎರಡನೇ ಶನಿವಾರದ ರಜೆ ಬೇರೆ ಸೇರಿಕೊಂಡಿತ್ತು. ಒಬ್ಬಳೇ ಇರುವ ಮನೆಯಲ್ಲಿ ಯಾರ ಹತ್ತಿರ ಮಾತಾಡಲಿ? ಕುಕ್ಕರ್ ಹತ್ತಿರವೇ? (ಅದಾದರೂ ಕೂಗುತ್ತದೆ, ನನ್ನದು ಅದೂ ಇಲ್ಲ.)

ಆ "ಅಯ್ಯೋ"ಗೆ ಕಾರಣ ರಾಮನಗರದಿಂದ ಕೂಟಗಲ್‌ಗೆ ಹೋಗುವ ರಸ್ತೆಯ ಒಂದು ಗುಂಡಿ. ಭಾನುವಾರ ಅಷ್ಟು ದೂರ ಸೈಕಲ್ ಹೊಡೆಯುವುದು ನನ್ನ ಅಭ್ಯಾಸ. ಮುಂದಿನ ಚಕ್ರ ಗುಂಡಿಯೊಳಗೆ ಧಡ್ ಅಂತ ಇಳಿದು ಎದ್ದಿತು. ಬಿದ್ದೆ. ನನಗೆ ಮಂಡಿ ತರಚಿತು ಅಷ್ಟೇ. ಪೆಟ್ಟೆಲ್ಲ ಸೈಕಲ್ಲಿಗೆ. ರಿಮ್ ಬೆಂಡಾಗಿ ಸುತ್ತು ಸುತ್ತಿಗೂ ಬ್ರೇಕಿನ ರಬ್ಬರಿಗೆ ಉಜ್ಜಿ ಚರ್ರ್ ಅನ್ನುತ್ತಿತ್ತು. ಸಾಲದ್ದಕ್ಕೆ ಪೆಡಲಿನ ಹತ್ತಿರದ ಮುಂದಿನ ಗೇರೂ ಮುಷ್ಕರ ಹೂಡಿತ್ತು. ದೊಡ್ಡ ಹಲ್ಲುಚಕ್ರದ ಮೇಲೆ ಕೂತ ಚೈನು ಚಿಕ್ಕದಕ್ಕೆ ಇಳಿಯಲೊಲ್ಲದು. ಲಿವರ್ ಒತ್ತಿ ಒತ್ತಿ ಹೆಬ್ಬೆರಳು ನೊಂದಿತು. ಮುಂದೆ ನೋಡಿದರೆ ಏರು. ದೊಡ್ಡ ಗೇರಿನಲ್ಲಿ ಏರು ಹತ್ತಿಸುವ ತಾಕತ್ತು ಐವತ್ತು ದಾಟಿದವಳಿಗೆ ಎಲ್ಲಿಂದ ಬರಬೇಕು?

ಪಕ್ಕಕ್ಕೆ ಬಂದು ಸೈಕಲ್ ಮಗುಚಿದೆ.

ನಮ್ಮ ಕಡೆಯ ಒಂದು ವಿಶೇಷ ನಿಮಗೂ ಗೊತ್ತಿರಬಹುದು. ಸೈಕಲ್ ಪಕ್ಕ ನೀವು ಸುಮ್ಮನೆ ನಿಂತಿದ್ದರೆ ನಾಯಿಯೂ ಮೂಸುವುದಿಲ್ಲ. ಅದೇ ಸೈಕಲ್ಲನ್ನು ಚಕ್ರ ಮೇಲೆ ಮಾಡಿ ನಿಲ್ಲಿಸಿ ನೋಡಿ, ಅಲ್ಲೊಂದು ಪಂಚಾಯ್ತಿ ಸೇರುತ್ತದೆ. ಮೊದಲು ಡೇರಿಗೆ ಹೊರಟಿದ್ದ ಮೊಪೆಡ್ ನಿಂತಿತು. ಹಾಲಿನ ಕ್ಯಾನ್ ಸಮೇತ ಇಳಿದವರು ಚಕ್ರವನ್ನು ಒಮ್ಮೆ ತಿರುಗಿಸಿದರು. (ತಿರುಗಿಸದೆ ಯಾರೂ ಮಾತಾಡುವ ಹಾಗಿಲ್ಲ, ಅದು ರೂಲ್ಸು.) ಆಮೇಲೆ ಟ್ರ್ಯಾಕ್ಟರ್ ನಿಂತಿತು. ಡ್ರೈವರ್ರೂ ಒಮ್ಮೆ ತಿರುಗಿಸಿದರು. ಹಾಲಿನವರು ಚಕ್ರದ ಕಡ್ಡಿ ಬಿಗಿ ಮಾಡಬೇಕು ಅಂದರು. ಟ್ರ್ಯಾಕ್ಟರಿನವರು ಸಡಿಲ ಮಾಡಬೇಕು ಅಂದರು. ಇಬ್ಬರೂ ಸರಿಯೇ. ಚಕ್ರ ವಾಲಿದ ಕಡೆಯ ಕಡ್ಡಿ ಸಡಿಲಿಸಿ ಎದುರು ಕಡೆಯದನ್ನು ಬಿಗಿಯಬೇಕು ಅಂತ ಮೊಬೈಲಿನ ವಿಡಿಯೋದಲ್ಲಿ ನಾನೂ ನೋಡಿದ್ದೆ. ಆದರೆ ಬಿಗಿಯುವ ಕೀ ಯಾರ ಹತ್ತಿರವೂ ಇರಲಿಲ್ಲ.

"ಉಜ್ತಾ ಐತಲ್ಲ ಮೇಡಂ, ಅಲ್ಲಿಗೆ ಒಸಿ ಎಣ್ಣೆ ಬುಟ್ರೆ ಆಯ್ತು" ಅಂದರು ಟ್ರ್ಯಾಕ್ಟರಿನವರು. ನಾನು ಬೇಡ ಅನ್ನುವಷ್ಟರಲ್ಲಿ ಹಳೇ ಇಂಜಿನ್ ಆಯಿಲ್ ತಂದು ರಿಮ್ಮಿಗೆ ಸುತ್ತ ಸವರಿಯೇ ಬಿಟ್ಟರು! ಚರ್ರ್ ಸದ್ದು ನಿಂತಿತು. ಎಲ್ಲರ ಮುಖದಲ್ಲೂ ಗೆಲುವು. ನಾನು ಬ್ರೇಕ್ ಹಿಡಿದೆ. ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. ಒಂದು ಕ್ಷಣ ಎಲ್ಲರೂ ಮುಖ ಮುಖ ನೋಡಿಕೊಂಡು ಆಮೇಲೆ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ಹಾಗೆ ಬಾಯ್ತುಂಬ ನಕ್ಕು ಎಷ್ಟು ಕಾಲವಾಗಿತ್ತೋ.

ಅಷ್ಟರಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬರು ಬಂದರು. ಹೆಸರು ಜಯಮ್ಮ. ರೇಷ್ಮೆ ಹುಳಕ್ಕೆ ಸೊಪ್ಪು ಒಯ್ಯುತ್ತಿದ್ದರು. ಅವರೊಬ್ಬರೇ ಚಕ್ರ ನೋಡದೆ ನನ್ನ ಮಂಡಿ ನೋಡಿದ್ದು.

"ಮನೇವ್ರು ಬರ್ನಿಲ್ವಾ ಅವ್ವ?" ಅಂದರು.

ಮನೆಯವರು ಅಂತ ಯಾರೂ ಇಲ್ಲ, ಮದುವೆಯಾಗಿಲ್ಲ ಅಂದೆ. ಗಂಡಸರಿಬ್ಬರೂ ತಟ್ಟನೆ ಚಕ್ರದ ಕಡೆ ತಿರುಗಿಕೊಂಡರು. ಜಯಮ್ಮ ಮಾತ್ರ ಅಯ್ಯೋ ಪಾಪ ಅನ್ನಲಿಲ್ಲ. ರಸ್ತೆಯಾಚೆಗಿನ ಹೆಂಚಿನ ಮನೆಗೆ ಕರೆದೊಯ್ದು, ಮಂಡಿ ತೊಳೆಸಿ, ಕಾಫಿ ಕೊಟ್ಟರು. ಹಾಲಿನವರು ಗೂಡ್ಸ್ ಆಟೋ ಒಂದನ್ನು ಅಡ್ಡ ಹಾಕಿ ಸೈಕಲ್ ಹತ್ತಿಸಿದರು.

ರಾಮನಗರದ ಸೈಕಲ್ ಶಾಪಿನಲ್ಲಿ ಗೇರಿನ ಪುಟ್ಟ ಸ್ಕ್ರೂ ಒಂದನ್ನು ಅರ್ಧ ಸುತ್ತು ತಿರುಗಿಸಿದ್ದೇ ತಡ, ಚೈನು ತೆಪ್ಪಗೆ ಇಳಿಯಿತು. ಬಿದ್ದಾಗ ಚೈನನ್ನು ತಳ್ಳುವ ಗೇರಿನ ಪಟ್ಟಿ ಒಂಚೂರು ಜರುಗಿತ್ತಂತೆ. ರಿಮ್ಮಿಗೆ ಮಾತ್ರ ತಗ್ಗೇ ಬಿದ್ದಿತ್ತು, ಕಡ್ಡಿ ಬಿಗಿದರೆ ಹೋಗುವಂಥದ್ದಲ್ಲ. ಹೊಸದು ಹಾಕಿಸಿದೆ. ಎಣ್ಣೆ ಕುಡಿದ ಬ್ರೇಕ್ ರಬ್ಬರನ್ನೂ ಬದಲಾಯಿಸಿದೆ. ಸೈಕಲ್ ಈಗ ಬೆಣ್ಣೆಯ ಹಾಗೆ ಓಡುತ್ತದೆ.

ಖುಷಿಯಾಗಬೇಕಿತ್ತು ತಾನೆ? ಆಗಲಿಲ್ಲ. ಮರು ಭಾನುವಾರ ಅದೇ ರಸ್ತೆ. ಎದುರಿಗೆ ಹಾಲಿನ ಮೊಪೆಡ್ ಬಂತು, ಹಾರನ್ ಹೊಡೆದು ಹೋಯಿತು. ಟ್ರ್ಯಾಕ್ಟರಿನವರು ಕೈ ಎತ್ತಿದರು, ಹೋದರು. ಸರಿಯಾಗಿರುವವರ ಹತ್ತಿರ ಯಾಕೆ ನಿಲ್ಲುತ್ತಾರೆ? ವಾಪಸ್ ಹೋದರೆ ಮತ್ತೆ ಅದೇ ಮನೆ, ಅದೇ ಮೌನ, ಸೋಮವಾರದವರೆಗೆ.

ನಗಬೇಡಿ. ಅದೇ ಗುಂಡಿಯ ಹತ್ತಿರ ಹೊಂಗೆ ಮರದ ಕೆಳಗೆ ನಿಲ್ಲಿಸಿ, ಏನೂ ಆಗದ ಸೈಕಲ್ಲನ್ನು ಮಗುಚಿದೆ.

ಡೇರಿಯಿಂದ ವಾಪಸಾಗುತ್ತಿದ್ದ ಹಾಲಿನವರು ನಿಂತೇ ನಿಂತರು. ಚಕ್ರ ತಿರುಗಿಸಿದರು. ಗೇರು ಏರಿಸಿ ಇಳಿಸಿದರು. "ಎಲ್ಲಾ ನೆಟ್ಟಗೇ ಐತಲ್ಲ ಮೇಡಂ" ಅಂದರು. ಹೌದು, ಸುಮ್ಮನೆ ಚೆಕ್ ಮಾಡ್ತಿದ್ದೆ ಅಂದೆ. ಅವರು ನನ್ನನ್ನೊಮ್ಮೆ ಸೈಕಲ್ಲನ್ನೊಮ್ಮೆ ನೋಡಿ ಮೊಪೆಡ್ ಹತ್ತಿದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎತ್ತಿ ನಿಲ್ಲಿಸಿ ಓಡಿಬಿಡೋಣ ಅಂತ ಹ್ಯಾಂಡಲ್ಲಿಗೆ ಕೈ ಹಾಕಿದೆ.

ಸೊಪ್ಪಿನ ಹೊರೆಯ ಜಯಮ್ಮ ಹಿಂದೆಯೇ ನಿಂತಿದ್ದರು. ಎಲ್ಲ ನೋಡಿದ್ದರು ಅಂತ ಕಾಣುತ್ತದೆ.

"ಮತ್ತೆ ಏನಾಯ್ತವ್ವ?"

ಸುಳ್ಳು ಹೇಳುವ ಶಕ್ತಿ ಮುಗಿದಿತ್ತು. ಏನೂ ಆಗಿಲ್ಲ ಜಯಮ್ಮ, ಯಾರಾದರೂ ನಿಂತು ಮಾತಾಡಲಿ ಅಂತ ಮಾಡಿದೆ ಅಂದೆ. ಅವರು ಹೊರೆಯನ್ನು ಸೊಂಟಕ್ಕೆ ಇಳಿಸಿಕೊಂಡು ನನ್ನನ್ನೇ ನೋಡಿದರು. ನಗಲಿಲ್ಲ.

"ಅಲ್ಲ ಕಣವ್ವ, ಅಲ್ಲೇ ಮನೆ ಐತೆ. ಬಂದು ಜಯಮ್ಮ ಅಂತ ಒಂದು ಕೂಗು ಹಾಕಕ್ಕೆ ಏನಾಗಿತ್ತು? ಬನ್ನಿ, ಹುಳಕ್ಕೆ ಸೊಪ್ಪು ಹಾಕ್ಬುಟ್ಟು ಕುಂತ್ಕಳಾನ."

ಹೋದೆ. ಸೊಪ್ಪು ಹಾಕುತ್ತಾ ಅವರು ಮಾತಾಡುತ್ತಲೇ ಇದ್ದರು. ನನ್ನ ತಲೆಯಲ್ಲಿ ಮಾತ್ರ ಅವರು ಕೇಳಿದ್ದೇ ಕೊರೆಯುತ್ತಿತ್ತು. ಈಗ ನಿಮ್ಮನ್ನೇ ಕೇಳುತ್ತಿದ್ದೇನೆ.

ಒಬ್ಬರ ಬಾಗಿಲಲ್ಲಿ ನಿಂತು ಸುಮ್ಮನೆ ಕೂಗುವುದಕ್ಕೆ ನಮ್ಮಂಥವರಿಗೆ ಏನಾದರೊಂದು ಕೆಟ್ಟಿರಲೇಬೇಕಾ?